ರಾನ್ ಬರಾಸಿ: 31ನೇ ಸಂಖ್ಯೆಯ ಅಂಗಿ, ಹತ್ತು ಪ್ರೀಮಿಯರ್‌ಷಿಪ್

ಮೆಲ್ಬರ್ನ್ ಕ್ರಿಕೆಟ್ ಮೈದಾನ ಎಂದೊಡನೆ ಕನ್ನಡದ ಕ್ರೀಡಾಪ್ರೇಮಿಗಳಿಗೆ ನೆನಪಾಗುವುದು ಡಿಸೆಂಬರ್ 26ರಂದು ಆರಂಭವಾಗುವ ಬಾಕ್ಸಿಂಗ್ ಡೇ ಟೆಸ್ಟ್. ಆ ಊರಿನವರಿಗೆ ಮಾತ್ರ ಎಂಸಿಜಿಯ ದೊಡ್ಡ ದಿನ ಬೇರೆಯೇ. ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳ ಕೊನೆಯ ಶನಿವಾರ ಅಲ್ಲಿ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಗ್ರ್ಯಾಂಡ್ ಫೈನಲ್ ನಡೆಯುತ್ತದೆ. ಮೈದಾನದ ಹೊರಗಿರುವ ಕಂಚಿನ ಪ್ರತಿಮೆಗಳ ಸಾಲಿನಲ್ಲಿ ಡಾನ್ ಬ್ರಾಡ್ಮನ್ ಮತ್ತು ಶೇನ್ ವಾರ್ನ್ ಅವರನ್ನು ನಮ್ಮವರು ಸುಲಭವಾಗಿ ಗುರುತಿಸಬಲ್ಲರು. ಅದೇ ಸಾಲಿನಲ್ಲಿ ಅಂಡಾಕಾರದ ಚೆಂಡಿನೊಂದಿಗೆ ನಿಂತಿರುವ ರಾನ್ ಬರಾಸಿ ಅವರ ಪರಿಚಯ ಭಾರತದಲ್ಲಿ ಕಡಿಮೆ. ಆಟಗಾರರಾಗಿ ಆರು, ತರಬೇತುದಾರರಾಗಿ ನಾಲ್ಕು, ಒಟ್ಟು ಹತ್ತು ಪ್ರೀಮಿಯರ್‌ಷಿಪ್‌ಗಳನ್ನು ಗೆದ್ದ ಬರಾಸಿ, 2023ರ ಸೆಪ್ಟೆಂಬರ್ 16ರಂದು ತಮ್ಮ 87ನೇ ವಯಸ್ಸಿನಲ್ಲಿ ನಿಧನರಾದರು.

ಅವರ ಬದುಕನ್ನು ತಿಳಿಯುವ ಮುನ್ನ ಆಟದ ಬಗ್ಗೆ ಎರಡು ಮಾತು ಅಗತ್ಯ. 1858-59ರ ಸುಮಾರಿಗೆ ಮೆಲ್ಬರ್ನ್‌ನಲ್ಲಿ ರೂಪುಗೊಂಡ ಈ ಕ್ರೀಡೆಯನ್ನು ಚಳಿಗಾಲದಲ್ಲಿ ಕ್ರಿಕೆಟ್ ಮೈದಾನಗಳಲ್ಲಿಯೇ ಆಡಲಾಗುತ್ತದೆ. ಪ್ರತಿ ತಂಡದಿಂದ 18 ಮಂದಿ ಕಣದಲ್ಲಿರುತ್ತಾರೆ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಆರು ಅಂಕದ ಗೋಲ್, ಪಕ್ಕದ ಕಂಬಗಳ ಮಧ್ಯೆ ಹೋದರೆ ಒಂದು ಅಂಕದ ‘ಬಿಹೈಂಡ್’. ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿಯುವುದು ‘ಮಾರ್ಕ್’. ಚೆಂಡನ್ನು ಎಸೆಯುವಂತಿಲ್ಲ, ಸಹ ಆಟಗಾರನಿಗೆ ಕೈಯಿಂದ ಕೊಡಬೇಕಾದರೆ ಒಂದು ಅಂಗೈಯಲ್ಲಿ ಹಿಡಿದು ಮತ್ತೊಂದು ಕೈಯ ಮುಷ್ಟಿಯಿಂದ ಹೊಡೆಯಬೇಕು. ಇದೇ ‘ಹ್ಯಾಂಡ್‌ಬಾಲ್’. ಈ ಪದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ 1970ರ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಟೊಬ್ರುಕ್‌ನಿಂದ ಮರಳದ ತಂದೆ

ರೊನಾಲ್ಡ್ ಡೇಲ್ ಬರಾಸಿ ಜನಿಸಿದ್ದು 1936ರ ಫೆಬ್ರುವರಿ 27ರಂದು, ವಿಕ್ಟೋರಿಯಾ ರಾಜ್ಯದ ಕ್ಯಾಸಲ್‌ಮೇನ್ ಎಂಬ ಪಟ್ಟಣದಲ್ಲಿ. ಕುಟುಂಬದ ನೆಲೆ ಹತ್ತಿರದ ಗಿಲ್ಫರ್ಡ್. ತಂದೆಯ ಹೆಸರೂ ರಾನ್ ಬರಾಸಿಯೇ. ಅವರು ಮೆಲ್ಬರ್ನ್ ಕ್ಲಬ್‌ಗಾಗಿ 31ನೇ ಸಂಖ್ಯೆಯ ಅಂಗಿ ತೊಟ್ಟು 58 ಪಂದ್ಯಗಳನ್ನು ಆಡಿದ್ದರು. 1940ರ ಪ್ರೀಮಿಯರ್‌ಷಿಪ್ ಗೆದ್ದ ತಂಡದಲ್ಲಿದ್ದರು. ಮರುವರ್ಷ ಸೈನಿಕರಾಗಿ ಉತ್ತರ ಆಫ್ರಿಕಾದ ಟೊಬ್ರುಕ್‌ನಲ್ಲಿದ್ದಾಗ, ಜುಲೈ 31ರಂದು ಅವರು ಯುದ್ಧದಲ್ಲಿ ಮೃತಪಟ್ಟರು. ಆಗ ಅವರಿಗೆ 27 ವರ್ಷ, ಮಗನಿಗೆ ಐದು. ಎರಡನೇ ಮಹಾಯುದ್ಧದಲ್ಲಿ ಪ್ರಾಣ ತೆತ್ತ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್‌ನ (ವಿಎಫ್ಎಲ್) ಆಟಗಾರರಲ್ಲಿ ಅವರೇ ಮೊದಲಿಗರು.

ತಂದೆಯ ಮುಖವನ್ನು ಸರಿಯಾಗಿ ನೋಡುವ ವಯಸ್ಸಿಗೆ ಮೊದಲೇ ತಂದೆಯನ್ನು ಕಳೆದುಕೊಂಡ ಆ ಹುಡುಗನಿಗೆ ತಂದೆ ಆಡಿದ ಕ್ಲಬ್‌ಗೇ ಆಡಬೇಕೆಂಬುದು ಒಂದೇ ಹಂಬಲವಾಗಿತ್ತು. ಅದು ಅಷ್ಟು ಸುಲಭವಿರಲಿಲ್ಲ. ಅಂದಿನ ವ್ಯವಸ್ಥೆಯಲ್ಲಿ ಆಟಗಾರ ವಾಸಿಸುವ ಪ್ರದೇಶವನ್ನು ಆಧರಿಸಿ ಕ್ಲಬ್ ನಿರ್ಧಾರವಾಗುತ್ತಿತ್ತು. ಕಾರ್ಲ್‌ಟನ್ ಮತ್ತು ಕಾಲಿಂಗ್‌ವುಡ್ ಕ್ಲಬ್‌ಗಳು ಈ ಹುಡುಗನ ಮೇಲೆ ಕಣ್ಣಿಟ್ಟಿದ್ದವು. ಮೆಲ್ಬರ್ನ್ ಕ್ಲಬ್ ಲೀಗ್‌ನ ಮೇಲೆ ಒತ್ತಡ ತಂದಿತು. ತಂದೆ ಆಡಿದ ಕ್ಲಬ್‌ಗೆ ಮಗ ಸೇರಲು ಅವಕಾಶ ನೀಡುವ ‘ತಂದೆ-ಮಗ ನಿಯಮ’ದ ಅತ್ಯಂತ ಪ್ರಸಿದ್ಧ ಫಲಾನುಭವಿ ಬರಾಸಿಯೇ. ಈ ನಿಯಮ ಇಂದಿಗೂ ಇದೆ. ಆದರೆ ಈಗ ತಂದೆ ಆ ಕ್ಲಬ್‌ಗಾಗಿ ಕನಿಷ್ಠ 100 ಪಂದ್ಯ ಆಡಿರಬೇಕು. ಅಂದರೆ, ಯಾರ ಹೆಸರಿನೊಂದಿಗೆ ನಿಯಮ ತಳಕು ಹಾಕಿಕೊಂಡಿದೆಯೋ ಅವರೇ ಇಂದಿನ ಅಳತೆಯಲ್ಲಿ ಅನರ್ಹರಾಗುತ್ತಿದ್ದರು.

ತಾಯಿ ಮರುಮದುವೆಯಾಗಿ ಟಾಸ್ಮೇನಿಯಾಕ್ಕೆ ಹೊರಟಾಗ ಹದಿಹರೆಯದ ರಾನ್ ಮೆಲ್ಬರ್ನ್‌ನಲ್ಲಿಯೇ ಉಳಿದರು. ಆಶ್ರಯ ನೀಡಿದವರು ನಾರ್ಮ್ ಸ್ಮಿತ್. ಅವರು ತಂದೆಯ ಜೊತೆ ಆಡಿದ್ದವರು ಮತ್ತು 1952ರಿಂದ ಮೆಲ್ಬರ್ನ್ ತಂಡದ ತರಬೇತುದಾರರು. ಸ್ಮಿತ್ ದಂಪತಿಯ ಮನೆಯಲ್ಲಿ ಬೆಳೆದ ಹುಡುಗನಿಗೆ ಅವರು ಸಾಕುತಂದೆಯೂ ಹೌದು, ಗುರುವೂ ಹೌದು. ಮನೆಯಲ್ಲಿ ಮಗನಂತೆ ಕಂಡರೂ ಮೈದಾನದಲ್ಲಿ ಸ್ಮಿತ್ ಯಾವ ರಿಯಾಯಿತಿಯನ್ನೂ ತೋರಲಿಲ್ಲ.

ಹೊಸ ಸ್ಥಾನ ಕಂಡುಕೊಂಡ ಆಟಗಾರ

1953ರಲ್ಲಿ, 17ನೇ ವಯಸ್ಸಿನಲ್ಲಿ, ತಂದೆಯದೇ 31ನೇ ಸಂಖ್ಯೆಯ ಅಂಗಿ ತೊಟ್ಟು ಬರಾಸಿ ಕಣಕ್ಕಿಳಿದರು. ಆರಂಭದಲ್ಲಿ ಅವರಿಗೆ ಸರಿಹೊಂದುವ ಸ್ಥಾನವೇ ಸಿಗಲಿಲ್ಲ. ಸುಮಾರು 179 ಸೆಂ.ಮೀ. ಎತ್ತರದ ಅವರು ಮೇಲಕ್ಕೆಸೆದ ಚೆಂಡಿಗೆ ಜಿಗಿಯುವ ‘ರಕ್‌ಮನ್’ ಆಗಲು ಗಿಡ್ಡ. ನೆಲಮಟ್ಟದಲ್ಲಿ ಚೆಂಡು ಹೆಕ್ಕುವ ಚುರುಕಿನ ‘ರೋವರ್’ ಆಗಲು ದೊಡ್ಡ ಮೈಕಟ್ಟಿನವರು. ಸ್ಮಿತ್ ಇವೆರಡರ ನಡುವೆ ಅವರನ್ನು ನಿಲ್ಲಿಸಿದರು. ಚೆಂಡು ಎಲ್ಲಿದೆಯೋ ಅಲ್ಲಿಗೆ ನುಗ್ಗಿ, ಎದುರಾಳಿಯನ್ನು ಮೈಯಿಂದ ತಡೆದು, ಅವಕಾಶ ಸಿಕ್ಕರೆ ಗೋಲನ್ನೂ ಹೊಡೆಯುವ ‘ರಕ್-ರೋವರ್’ ಸ್ಥಾನಕ್ಕೆ ಇಡೀ ಆಟದಲ್ಲಿ ಗೌರವ ತಂದವರು ಬರಾಸಿ.

ಆ ದಶಕ ಮೆಲ್ಬರ್ನ್ ಕ್ಲಬ್‌ನದಾಗಿತ್ತು. 1955, 1956, 1957, 1959, 1960 ಮತ್ತು 1964ರಲ್ಲಿ ಅದು ಪ್ರೀಮಿಯರ್‌ಷಿಪ್ ಗೆದ್ದಿತು. ಎಲ್ಲ ಆರೂ ತಂಡಗಳಲ್ಲಿ ಬರಾಸಿ ಇದ್ದರು. 1960 ಮತ್ತು 1964ರಲ್ಲಿ ನಾಯಕರಾಗಿದ್ದರು. 1957ರ ಗ್ರ್ಯಾಂಡ್ ಫೈನಲ್‌ನಲ್ಲಿ ಎಸೆಂಡನ್ ವಿರುದ್ಧ ಐದು ಗೋಲ್ ಹೊಡೆದದ್ದು ಅವರ ಉತ್ತಮ ಪ್ರದರ್ಶನಗಳಲ್ಲೊಂದು.

ನಡುವೆ ಬಂದ 1958ರ ಸೋಲು ಮಾತ್ರ ಬೇರೆಯದೇ ಪಾಠ ಕಲಿಸಿತು. ಸತತ ನಾಲ್ಕು ಬಾರಿ (1927-30) ಗೆದ್ದ ಕಾಲಿಂಗ್‌ವುಡ್‌ನ ದಾಖಲೆಯನ್ನು ಸರಿಗಟ್ಟಲು ಮೆಲ್ಬರ್ನ್‌ಗೆ ಇನ್ನೊಂದೇ ಗೆಲುವು ಬೇಕಿತ್ತು. ಎದುರಾಳಿ ಅದೇ ಕಾಲಿಂಗ್‌ವುಡ್. ಬರಾಸಿ ಅವರ ಮುಂಗೋಪವನ್ನು ಅರಿತಿದ್ದ ಕಾಲಿಂಗ್‌ವುಡ್ ಆಟಗಾರರು ಅವರನ್ನು ಕೆಣಕುತ್ತಲೇ ಹೋದರು. ಅವರ ಗಮನ ಚೆಂಡಿನಿಂದ ಮನುಷ್ಯರ ಕಡೆಗೆ ಹೊರಳಿತು. ಪಂದ್ಯವೂ ಕೈತಪ್ಪಿತು, ದಾಖಲೆಯೂ ಉಳಿಯಿತು. ಕೋಪ ಅವರಿಗೆ ದುಬಾರಿಯಾದದ್ದು ಅದೊಂದೇ ಸಲವಲ್ಲ. 1963ರಲ್ಲಿ ರಿಚ್ಮಂಡ್‌ನ ಆಟಗಾರನೊಬ್ಬನಿಗೆ ಹೊಡೆದ ಆರೋಪದಲ್ಲಿ ನಾಲ್ಕು ಪಂದ್ಯಗಳ ನಿಷೇಧಕ್ಕೆ ಒಳಗಾಗಿ, ಆ ವರ್ಷದ ಅಂತಿಮ ಹಂತದ ಪಂದ್ಯಗಳನ್ನೇ ಅವರು ಕಳೆದುಕೊಂಡರು.

ಊರನ್ನೇ ಬೆಚ್ಚಿಬೀಳಿಸಿದ ನಿರ್ಗಮನ

1964ರ ಗ್ರ್ಯಾಂಡ್ ಫೈನಲ್‌ನಲ್ಲಿ ಮೆಲ್ಬರ್ನ್ ಕೇವಲ ನಾಲ್ಕು ಅಂಕಗಳಿಂದ ಕಾಲಿಂಗ್‌ವುಡ್ ಅನ್ನು ಮಣಿಸಿತು. ನಾಯಕ ಬರಾಸಿಗೆ ಆಗ 28 ವರ್ಷ. ಆ ಸಂಭ್ರಮ ಮಾಸುವ ಮೊದಲೇ, ಅವರು ಕಾರ್ಲ್‌ಟನ್ ಕ್ಲಬ್‌ಗೆ ನಾಯಕ-ತರಬೇತುದಾರರಾಗಿ ಹೋಗುತ್ತಾರೆಂಬ ಸುದ್ದಿ ಬಂತು.

ಈ ಸುದ್ದಿಯ ಆಘಾತವನ್ನು ಇಂದಿನ ಓದುಗರು ಊಹಿಸುವುದು ಕಷ್ಟ. ಐಪಿಎಲ್ ಹರಾಜಿನಲ್ಲಿ ವರ್ಷಕ್ಕೊಂದು ಬಣ್ಣದ ಅಂಗಿ ತೊಡುವ ಕಾಲದಲ್ಲಿ ಕ್ಲಬ್ ಬದಲಿಸುವುದು ದೊಡ್ಡ ವಿಷಯವೇ ಅಲ್ಲ. ಅಂದಿನ ಮೆಲ್ಬರ್ನ್‌ನಲ್ಲಿ ಕ್ಲಬ್ ಎಂದರೆ ಕುಲದ ಹಾಗೆ; ಹುಟ್ಟಿನೊಂದಿಗೆ ಬಂದದ್ದು, ಸಾವಿನೊಂದಿಗೆ ಹೋಗುವಂಥದ್ದು. ಯುದ್ಧದಲ್ಲಿ ಮಡಿದ ತಂದೆಯ ಅಂಗಿ ತೊಟ್ಟವನು, ತನಗಾಗಿ ನಿಯಮವನ್ನೇ ಬಯಸಿದ ಕ್ಲಬ್‌ನ ನಾಯಕ, ಎದುರಾಳಿಯ ಪಾಳಯ ಸೇರುವುದೆಂದರೆ ಅಭಿಮಾನಿಗಳ ಪಾಲಿಗೆ ಅದು ದ್ರೋಹವೇ ಆಗಿತ್ತು. ಮಕ್ಕಳು ತಮ್ಮ ಅಂಗಿಯ ಬೆನ್ನ ಮೇಲಿದ್ದ 31ನೇ ಸಂಖ್ಯೆಯನ್ನು ಕಿತ್ತೆಸೆದ ಕಥೆಗಳು ಇಂದಿಗೂ ಕೇಳಿಬರುತ್ತವೆ.

ಬರಾಸಿ ಹೋದದ್ದೇಕೆ? ಹಣದ ಮಾತು ಇತ್ತು, ಅಲ್ಲಗಳೆಯುವಂತಿಲ್ಲ. ಅದಕ್ಕಿಂತ ಮುಖ್ಯವಾದದ್ದು ತರಬೇತುದಾರನಾಗಬೇಕೆಂಬ ಆಸೆ. ಮೆಲ್ಬರ್ನ್‌ನಲ್ಲಿ ಆ ಸ್ಥಾನದಲ್ಲಿದ್ದವರು ನಾರ್ಮ್ ಸ್ಮಿತ್. ಬೇಕಾದರೆ ತಾವೇ ಸರಿದು ಜಾಗ ಬಿಡಲು ಸ್ಮಿತ್ ಸಿದ್ಧರಿದ್ದರು. ಸಾಕಿದವರನ್ನು ಸ್ಥಾನದಿಂದ ಇಳಿಸಿ ತಾನು ಏರುವುದು ಬರಾಸಿಗೆ ಒಪ್ಪಿಗೆಯಾಗಲಿಲ್ಲ. ಅವರ ನೆರಳಿನಲ್ಲಿಯೇ ಉಳಿಯುವುದೂ ಬೇಡವಾಗಿತ್ತು. ಆ ಮನೆಯಿಂದ ಹೊರಬೀಳದೆ ತಾನೇನೆಂದು ತನಗೇ ತಿಳಿಯದು ಎಂಬ ತರ್ಕದಲ್ಲಿ ಹುರುಳಿಲ್ಲದೆ ಇಲ್ಲ.

ಮೆಲ್ಬರ್ನ್ ಮಾತ್ರ ಚೇತರಿಸಿಕೊಳ್ಳಲಿಲ್ಲ. 1965ರ ಋತುವಿನ ಮಧ್ಯದಲ್ಲಿ ಕ್ಲಬ್‌ನ ಆಡಳಿತ ಸ್ಮಿತ್ ಅವರನ್ನೇ ವಜಾ ಮಾಡಿತು. ಗಲಾಟೆಯಾದ ಬಳಿಕ ಕೆಲವೇ ದಿನಗಳಲ್ಲಿ ಮರಳಿ ಕರೆಯಿತು. ಆದರೆ ಮುರಿದದ್ದು ಕೂಡಲಿಲ್ಲ. ತಂಡ ಅಂತಿಮ ಹಂತದ ಪಂದ್ಯಗಳಲ್ಲಿ ಮತ್ತೆ ಕಾಣಿಸಿಕೊಳ್ಳಲು 1987ರವರೆಗೆ ಕಾಯಬೇಕಾಯಿತು.

1970: ಅರ್ಧ ಸಮಯದ ಮಾತು

ಕಾರ್ಲ್‌ಟನ್ 1947ರ ನಂತರ ಪ್ರೀಮಿಯರ್‌ಷಿಪ್ ಕಂಡಿರಲಿಲ್ಲ. ಬರಾಸಿ ತಂದದ್ದು ಶಿಸ್ತು, ಕಠಿಣ ಅಭ್ಯಾಸ ಮತ್ತು ಬೈಗುಳ. 1968ರಲ್ಲಿ ಫಲ ಸಿಕ್ಕಿತು. ಆ ಗ್ರ್ಯಾಂಡ್ ಫೈನಲ್‌ನಲ್ಲಿ ಎಸೆಂಡನ್ ಎಂಟು ಗೋಲ್ ಹೊಡೆದಿತ್ತು, ಕಾರ್ಲ್‌ಟನ್ ಏಳೇ. ಆದರೆ ಕಾರ್ಲ್‌ಟನ್‌ನ 14 ಬಿಹೈಂಡ್‌ಗಳು ಲೆಕ್ಕಕ್ಕೆ ಬಂದು 56-53ರಲ್ಲಿ, ಮೂರೇ ಅಂಕಗಳ ಗೆಲುವು ದಕ್ಕಿತು. ಮರುವರ್ಷ ಆಟಗಾರನ ಪಾತ್ರಕ್ಕೆ ಬರಾಸಿ ಸಂಪೂರ್ಣ ವಿದಾಯ ಹೇಳಿದರು. ಎರಡು ಕ್ಲಬ್‌ಗಳಿಗೆ ಒಟ್ಟು 254 ಪಂದ್ಯ, 330 ಗೋಲ್ ಅವರ ಲೆಕ್ಕ. 1969ರ ಗ್ರ್ಯಾಂಡ್ ಫೈನಲ್‌ನಲ್ಲಿ ಕಾರ್ಲ್‌ಟನ್ ರಿಚ್ಮಂಡ್‌ಗೆ ಸೋತಿತು.

ಅನಂತರ ಬಂದದ್ದು 1970. ಎಂಸಿಜಿಯಲ್ಲಿ ಆ ದಿನ ಸೇರಿದ್ದ ಪ್ರೇಕ್ಷಕರ ಸಂಖ್ಯೆ 1,21,696. ಈ ಕ್ರೀಡೆಯ ಯಾವ ಪಂದ್ಯವೂ ಆ ಸಂಖ್ಯೆಯನ್ನು ಮತ್ತೆ ಮುಟ್ಟಿಲ್ಲ. ಕಾಲಿಂಗ್‌ವುಡ್ ಆರಂಭದಿಂದಲೇ ಓಡಿತು. ಅರ್ಧ ಸಮಯಕ್ಕೆ ಅದರ ಅಂಕ 73, ಕಾರ್ಲ್‌ಟನ್‌ದು 29. ಕಾರ್ಲ್‌ಟನ್‌ನ ಅಲೆಕ್ಸ್ ಜೆಸಲೆಂಕೊ ಎದುರಾಳಿಯ ಹೆಗಲ ಮೇಲಕ್ಕೆ ಜಿಗಿದು ಹಿಡಿದ ಮಾರ್ಕ್ ಒಂದನ್ನು ಬಿಟ್ಟರೆ ಆ ತಂಡದ ಬೆಂಬಲಿಗರಿಗೆ ನೆನಪಿಡುವಂಥದ್ದು ಏನೂ ಇರಲಿಲ್ಲ. 44 ಅಂಕಗಳ ಹಿನ್ನಡೆಯಿಂದ ಗ್ರ್ಯಾಂಡ್ ಫೈನಲ್ ಗೆದ್ದವರು ಆವರೆಗೆ ಯಾರೂ ಇರಲಿಲ್ಲ.

ವಿಶ್ರಾಂತಿ ಕೊಠಡಿಯಲ್ಲಿ ಬರಾಸಿ ಕೂಗಾಡುತ್ತಾರೆಂದು ಆಟಗಾರರು ಕಾದಿದ್ದರು. ಅವರು ಕೊಟ್ಟದ್ದು ಒಂದು ಸರಳ ಸೂಚನೆ: ಹ್ಯಾಂಡ್‌ಬಾಲ್ ಮಾಡಿ, ಓಡಿ, ಮತ್ತೆ ಹ್ಯಾಂಡ್‌ಬಾಲ್ ಮಾಡಿ, ಅಪಾಯವಿದ್ದರೂ ಚೆಂಡನ್ನು ನಿಲ್ಲಿಸಬೇಡಿ. ಅಂದಿನ ಪದ್ಧತಿಯಲ್ಲಿ ಹ್ಯಾಂಡ್‌ಬಾಲ್ ಎಂದರೆ ಒದೆಯಲು ಸಾಧ್ಯವಾಗದೆ ಇಕ್ಕಟ್ಟಿಗೆ ಸಿಕ್ಕವನ ಕೊನೆಯ ಉಪಾಯ. ಅದನ್ನೇ ಆಕ್ರಮಣದ ಅಸ್ತ್ರವಾಗಿ ಬಳಸಲು ಹೇಳಿದ್ದು ಹೊಸದು. ಇನ್ನೊಂದು ಬದಲಾವಣೆ, ಬೆಂಚಿನಲ್ಲಿದ್ದ ಟೆಡ್ ಹಾಪ್ಕಿನ್ಸ್ ಎಂಬ ಸಣ್ಣ ಮೈಕಟ್ಟಿನ ಆಟಗಾರನನ್ನು ಕಣಕ್ಕಿಳಿಸಿದ್ದು. ಹಾಪ್ಕಿನ್ಸ್ ಉಳಿದರ್ಧದಲ್ಲಿ ನಾಲ್ಕು ಗೋಲ್ ಹೊಡೆದರು. ಕೊನೆಗೆ ಕಾರ್ಲ್‌ಟನ್ 111, ಕಾಲಿಂಗ್‌ವುಡ್ 101.

ಆಧುನಿಕ ಫುಟ್‌ಬಾಲ್ ಹುಟ್ಟಿದ್ದೇ ಆ ಅರ್ಧ ಸಮಯದಲ್ಲಿ ಎಂದು ಹೇಳುವವರಿದ್ದಾರೆ. ಇದು ಸ್ವಲ್ಪ ಅತಿಶಯೋಕ್ತಿ. ನಾರ್ಮ್ ಸ್ಮಿತ್ ಅವರ ಸಹೋದರ, ಫಿಟ್ಜ್‌ರಾಯ್ ಮತ್ತು ರಿಚ್ಮಂಡ್ ತಂಡಗಳಿಗೆ ತರಬೇತಿ ನೀಡಿದ್ದ ಲೆನ್ ಸ್ಮಿತ್, ಓಡುತ್ತಾ ಹ್ಯಾಂಡ್‌ಬಾಲ್ ಮಾಡುವ ಆಟದ ಬಗ್ಗೆ ಅದಕ್ಕೂ ಮೊದಲೇ ಯೋಚಿಸಿದ್ದರು. ಬರಾಸಿ ಅವರ ಹೆಚ್ಚುಗಾರಿಕೆ ಇರುವುದು ಅದನ್ನು ಕಂಡುಹಿಡಿದದ್ದರಲ್ಲಿ ಅಲ್ಲ. ಒಂದು ಲಕ್ಷಕ್ಕೂ ಮೀರಿದ ಜನರ ಎದುರು, ಸೋಲು ಖಚಿತವೆನಿಸಿದ ಗಳಿಗೆಯಲ್ಲಿ, ಅದನ್ನು ಪ್ರಯೋಗಿಸುವ ಧೈರ್ಯ ತೋರಿದ್ದರಲ್ಲಿ.

ಕೊನೆಯ ಸ್ಥಾನದಿಂದ ಶಿಖರಕ್ಕೆ

1971ರ ಬಳಿಕ ಕಾರ್ಲ್‌ಟನ್ ತೊರೆದ ಬರಾಸಿ ಒಂದು ವರ್ಷ ದೂರವಿದ್ದು, 1973ರಲ್ಲಿ ನಾರ್ತ್ ಮೆಲ್ಬರ್ನ್‌ಗೆ ಬಂದರು. 1925ರಲ್ಲಿ ಲೀಗ್ ಸೇರಿದ್ದ ಈ ಬಡ ಕ್ಲಬ್ ಒಮ್ಮೆಯೂ ಪ್ರೀಮಿಯರ್‌ಷಿಪ್ ಗೆದ್ದಿರಲಿಲ್ಲ. 1972ರಲ್ಲಂತೂ ಒಂದೇ ಪಂದ್ಯ ಗೆದ್ದು ಕೊನೆಯ ಸ್ಥಾನದಲ್ಲಿತ್ತು. ಹತ್ತು ವರ್ಷ ಸೇವೆ ಸಲ್ಲಿಸಿದ ಆಟಗಾರರು ಕ್ಲಬ್‌ನ ಅನುಮತಿಯಿಲ್ಲದೆ ಬೇರೆಡೆ ಹೋಗಬಹುದೆಂಬ, ಹೆಚ್ಚು ಕಾಲ ಬಾಳದ ನಿಯಮವೊಂದರ ಲಾಭ ಪಡೆದ ನಾರ್ತ್ ಮೆಲ್ಬರ್ನ್, ಡಗ್ ವೇಡ್, ಬ್ಯಾರಿ ಡೇವಿಸ್ ಮತ್ತು ಜಾನ್ ರಾಂಟಾಲ್ ಅವರನ್ನು ಸೆಳೆಯಿತು. ಕ್ಲಬ್‌ನಲ್ಲಿ ಮೊದಲೇ ಇದ್ದ ಕೀತ್ ಗ್ರೇಗ್ 1973 ಮತ್ತು 1974ರಲ್ಲಿ ಋತುವಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕ ಪಡೆದರು.

1974ರಲ್ಲಿ ಫೈನಲ್ ತಲುಪಿ ಸೋತ ತಂಡ, 1975ರಲ್ಲಿ ಹಾಥಾರ್ನ್ ತಂಡವನ್ನು 55 ಅಂಕಗಳಿಂದ ಸೋಲಿಸಿ ಅರ್ಧ ಶತಮಾನದ ಬರ ನೀಗಿಸಿತು. 1976ರಲ್ಲಿ ಅದೇ ಹಾಥಾರ್ನ್ ಸೇಡು ತೀರಿಸಿಕೊಂಡಿತು. 1977ರಲ್ಲಿ ಕಾಲಿಂಗ್‌ವುಡ್ ವಿರುದ್ಧದ ಪಂದ್ಯ 76-76ರಲ್ಲಿ ಸಮವಾಯಿತು. ಮೂರನೇ ಕಾಲುಭಾಗದ ಅಂತ್ಯಕ್ಕೆ 27 ಅಂಕ ಹಿಂದಿದ್ದ ನಾರ್ತ್ ಮೆಲ್ಬರ್ನ್ ಮುನ್ನಡೆಗೆ ಬಂದು, ಕೊನೆಯ ಕ್ಷಣಗಳ ಗೋಲ್‌ನಿಂದ ಮತ್ತೆ ಸಮಬಲಕ್ಕೆ ಇಳಿದಿತ್ತು. ಒಂದು ವಾರದ ನಂತರ ನಡೆದ ಮರುಪಂದ್ಯದಲ್ಲಿ 151-124ರಿಂದ ಗೆದ್ದಿತು. ಇಂಥ ಮರುಪಂದ್ಯ ಮುಂದೆ 2010ರಲ್ಲಿ ಮತ್ತೊಮ್ಮೆ ನಡೆಯಿತು; 2016ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟು ಹೆಚ್ಚುವರಿ ಸಮಯದ ನಿಯಮ ತರಲಾಯಿತು. 1978ರ ಫೈನಲ್ ಸೋಲಿನೊಂದಿಗೆ ಬರಾಸಿ ಐದು ವರ್ಷಗಳಲ್ಲಿ ಐದು ಬಾರಿ ತಂಡವನ್ನು ಅಂತಿಮ ದಿನಕ್ಕೆ ಕರೆತಂದಂತಾಯಿತು. ಇಳಿಮುಖ ಆರಂಭವಾದಾಗ, 1980ರ ಕೊನೆಯಲ್ಲಿ ಅವರು ಅಲ್ಲಿಂದ ಹೊರಟರು.

ಮರಳಿ ಮನೆಗೆ, ಆದರೆ ಗೆಲುವಿಲ್ಲದೆ

1981ರಲ್ಲಿ ಬರಾಸಿ ತಂದೆಯ ಕ್ಲಬ್‌ಗೆ ತರಬೇತುದಾರರಾಗಿ ಹಿಂತಿರುಗಿದಾಗ ಪತ್ರಿಕೆಗಳು ರಕ್ಷಕ ಬಂದನೆಂದು ಬರೆದವು. ಮೊದಲ ವರ್ಷ ಮೆಲ್ಬರ್ನ್ 22 ಪಂದ್ಯಗಳಲ್ಲಿ ಗೆದ್ದದ್ದು ಒಂದೇ, ಅದೂ ಒಂದೇ ಅಂಕದಿಂದ. ಐದು ವರ್ಷಗಳಲ್ಲಿ ತಂಡ ಒಮ್ಮೆಯೂ ಅಂತಿಮ ಹಂತ ತಲುಪಲಿಲ್ಲ. ಕಾಗದದ ಮೇಲೆ ಇದು ಸೋಲೇ.

ಆದರೂ ಈ ಐದು ವರ್ಷಗಳ ಒಂದು ಕೆಲಸ ಬಹುಕಾಲ ಉಳಿಯಿತು. ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್ ಆಡುವ ಹುಡುಗರಿಗೆ ಈ ಆಟ ಕಲಿಸಬಹುದೆಂಬ ಬರಾಸಿ ಅವರ ಯೋಚನೆಯನ್ನು ಹಲವರು ಹಾಸ್ಯ ಮಾಡಿದ್ದರು. ಆ ಯೋಜನೆಯಡಿ 1984ರಲ್ಲಿ ಡಬ್ಲಿನ್‌ನಿಂದ ಬಂದ ಜಿಮ್ ಸ್ಟೈನ್ಸ್, 1991ರಲ್ಲಿ ಬ್ರೌನ್‌ಲೋ ಪದಕ ಗೆದ್ದರು. ಸತತ 244 ಪಂದ್ಯಗಳನ್ನು ಆಡಿ ದಾಖಲೆ ಸ್ಥಾಪಿಸಿದರು. ಮುಂದೆ ಅದೇ ಕ್ಲಬ್‌ನ ಅಧ್ಯಕ್ಷರಾಗಿ ಸಾಲದ ಹೊರೆ ಇಳಿಸಿದರು. ಸ್ಟೈನ್ಸ್ 2012ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ನಂತರವೂ ಐರ್ಲೆಂಡಿನಿಂದ ಆಟಗಾರರು ಬರುತ್ತಲೇ ಇದ್ದಾರೆ.

ಬರಾಸಿ ಗೆರೆಯ ಆಚೆ

ಆಸ್ಟ್ರೇಲಿಯಾದ ಭೂಪಟದ ಮೇಲೆ ‘ಬರಾಸಿ ಗೆರೆ’ ಎಂಬ ಕಾಲ್ಪನಿಕ ಗಡಿಯೊಂದಿದೆ. ಇತಿಹಾಸಕಾರ ಇಯಾನ್ ಟರ್ನರ್ 1978ರ ಉಪನ್ಯಾಸವೊಂದರಲ್ಲಿ ಇದನ್ನು ಪ್ರಸ್ತಾಪಿಸಿದರು. ಗೆರೆಯ ದಕ್ಷಿಣ ಮತ್ತು ಪಶ್ಚಿಮಕ್ಕೆ ಆಸ್ಟ್ರೇಲಿಯನ್ ರೂಲ್ಸ್‌ನದೇ ರಾಜ್ಯ. ಸಿಡ್ನಿ, ಬ್ರಿಸ್ಬೇನ್ ಇರುವ ಪೂರ್ವಭಾಗ ರಗ್ಬಿಯದು. ಆಟ ಈ ಗಡಿ ದಾಟಿ ದೇಶವ್ಯಾಪಿಯಾಗಬೇಕೆಂದು ಬರಾಸಿ ಬಹಳ ಮೊದಲೇ ವಾದಿಸಿದ್ದರು. 1982ರಲ್ಲಿ ಸೌತ್ ಮೆಲ್ಬರ್ನ್ ಕ್ಲಬ್ ಸಿಡ್ನಿಗೆ ಸ್ಥಳಾಂತರಗೊಂಡಿತು. 1990ರಲ್ಲಿ ಲೀಗ್‌ನ ಹೆಸರೇ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂದಾಯಿತು.

1993ರಲ್ಲಿ ಆ ಸಿಡ್ನಿ ಸ್ವಾನ್ಸ್ ಮುಳುಗುವ ಸ್ಥಿತಿಯಲ್ಲಿತ್ತು. ಹಿಂದಿನ ಋತುವಿನಿಂದ ಮುಂದುವರಿದ ಸೋಲಿನ ಸರಣಿ 26 ಪಂದ್ಯಗಳಿಗೆ ಬೆಳೆಯಿತು. ಋತುವಿನ ನಡುವೆ, 57ನೇ ವಯಸ್ಸಿನಲ್ಲಿ, ಬರಾಸಿ ಆ ತಂಡದ ಹೊಣೆ ಹೊತ್ತರು. ಮಾತನ್ನು ವಾದವಾಗಿಯೇ ಉಳಿಸದೆ, ತಾವೇ ಎಳೆಸಿಕೊಂಡ ಗೆರೆಯ ಆಚೆ ಹೋಗಿ ನಿಂತರೆನ್ನಬೇಕು. ಫಲಿತಾಂಶಗಳು ತಕ್ಷಣ ಬದಲಾಗಲಿಲ್ಲ. 1995ರ ಹೊತ್ತಿಗೆ ಟೋನಿ ಲಾಕೆಟ್ ಮತ್ತು ಪಾಲ್ ರೂಸ್ ಅವರಂಥ ದೊಡ್ಡ ಆಟಗಾರರು ಸಿಡ್ನಿಗೆ ಬಂದರು. ಆ ವರ್ಷಾಂತ್ಯಕ್ಕೆ ಬರಾಸಿ ನಿರ್ಗಮಿಸಿದರು. ಉತ್ತರಾಧಿಕಾರಿ ರಾಡ್ನಿ ಈಡ್ ಮರುವರ್ಷವೇ ತಂಡವನ್ನು ಗ್ರ್ಯಾಂಡ್ ಫೈನಲ್‌ಗೆ ಒಯ್ದರು. ಅಲ್ಲಿ ಸಿಡ್ನಿಯನ್ನು ಸೋಲಿಸಿದ್ದು ನಾರ್ತ್ ಮೆಲ್ಬರ್ನ್. 2005ರಲ್ಲಿ ರೂಸ್ ಅವರ ತರಬೇತಿಯಲ್ಲಿ ಸಿಡ್ನಿ ಪ್ರೀಮಿಯರ್‌ಷಿಪ್ ಗೆದ್ದಿತು.

ನಾಲ್ಕು ಕ್ಲಬ್‌ಗಳಲ್ಲಿ ಬರಾಸಿ ತರಬೇತುದಾರರಾಗಿ ನಿರ್ವಹಿಸಿದ ಪಂದ್ಯಗಳು 515. ಆಟಗಾರ ಮತ್ತು ತರಬೇತುದಾರರಾಗಿ, 1977ರ ಸಮಬಲದ ಪಂದ್ಯವೂ ಸೇರಿದಂತೆ, 17 ಗ್ರ್ಯಾಂಡ್ ಫೈನಲ್‌ಗಳು. 1996ರಲ್ಲಿ ಲೀಗ್ ‘ಶತಮಾನದ ತಂಡ’ವನ್ನು ಪ್ರಕಟಿಸಿದಾಗ ರಕ್-ರೋವರ್ ಸ್ಥಾನಕ್ಕೆ ಬರಾಸಿ ಹೆಸರಿತ್ತು. ಆ ತಂಡದ ತರಬೇತುದಾರರಾಗಿ ಆಯ್ಕೆಯಾದವರು, 1973ರಲ್ಲಿಯೇ ತೀರಿಕೊಂಡಿದ್ದ ನಾರ್ಮ್ ಸ್ಮಿತ್. ಅದೇ ವರ್ಷ ಆರಂಭವಾದ ಆಸ್ಟ್ರೇಲಿಯನ್ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನ ಮೊದಲ ‘ಲೆಜೆಂಡ್’ಗಳ ಸಾಲಿನಲ್ಲಿಯೂ ಬರಾಸಿ ಇದ್ದರು.

ನಿವೃತ್ತಿಯ ಬಳಿಕವೂ ಜನ ಅವರನ್ನು ಮರೆಯಲಿಲ್ಲ. 2006ರ ಮೆಲ್ಬರ್ನ್ ಕಾಮನ್‌ವೆಲ್ತ್ ಕ್ರೀಡಾಕೂಟದ ಉದ್ಘಾಟನೆಯಂದು ಯಾರಾ ನದಿಯಲ್ಲಿ, ನೀರಿನ ಮಟ್ಟದ ಕೆಳಗೆ ಅಡಗಿಸಿದ್ದ ಹಾದಿಯಲ್ಲಿ, ಬ್ಯಾಟನ್ ಹಿಡಿದು ಅವರು ನಡೆದಾಗ ನೀರಿನ ಮೇಲೆಯೇ ನಡೆದಂತೆ ಕಂಡಿತು. ಅವರ ಅಭಿಮಾನಿಗಳಿಗೆ ಅದರಲ್ಲಿ ಅಚ್ಚರಿಪಡುವಂಥದ್ದೇನೂ ಇರಲಿಲ್ಲ ಎಂಬುದು ಆಗಿನ ಜೋಕು. 2008ರ ಕೊನೆಯ ರಾತ್ರಿ ಸೇಂಟ್ ಕಿಲ್ಡಾದಲ್ಲಿ ಹಲ್ಲೆಗೊಳಗಾದ ಮಹಿಳೆಯೊಬ್ಬರ ನೆರವಿಗೆ ಧಾವಿಸಿ ಅವರು ತಾವೂ ಪೆಟ್ಟು ತಿಂದರು. ಆಗ ಅವರಿಗೆ 72 ವರ್ಷ.

ಬರಾಸಿ ನಾಯಕರಾಗಿ ಗೆದ್ದ 1964ರ ನಂತರ ಮೆಲ್ಬರ್ನ್ ಕ್ಲಬ್ ಮುಂದಿನ ಪ್ರೀಮಿಯರ್‌ಷಿಪ್ ಪಡೆಯಲು 57 ವರ್ಷ ಬೇಕಾಯಿತು. 2021ರ ಆ ಗೆಲುವು ಕೊರೊನಾ ನಿರ್ಬಂಧಗಳಿಂದಾಗಿ ಎಂಸಿಜಿಯಲ್ಲಿ ಅಲ್ಲ, ಪಶ್ಚಿಮದ ಪರ್ತ್ ನಗರದಲ್ಲಿ ಬಂತು. ಎರಡು ವರ್ಷಗಳ ಬಳಿಕ, 2023ರ ನವೆಂಬರ್‌ನಲ್ಲಿ, ಎಂಸಿಜಿಯಲ್ಲಿಯೇ ಬರಾಸಿ ಅವರಿಗೆ ವಿಕ್ಟೋರಿಯಾ ಸರ್ಕಾರ ಸಕಲ ಗೌರವಗಳೊಂದಿಗೆ ಸಾರ್ವಜನಿಕ ಶ್ರದ್ಧಾಂಜಲಿ ಸಭೆ ಏರ್ಪಡಿಸಿತು.